ಮೂಲೆಯ ಕಂಬ

ಭೂಮಿ ದಾನ ಕೊಟ್ಟವರ ಜೊತೆ ಜಗಳ ಆಡಬಾರದು ಎಂದು ನಮ್ಮ ಕೇಂದ್ರದ ನಿರ್ದೇಶಕರು ಮೊದಲ ದಿನವೇ ಎಚ್ಚರಿಸಿದ್ದರು. ಏಪ್ರಿಲ್ ಮುಗಿಯುವಷ್ಟರಲ್ಲಿ ನಾನು ಆಡಿಯಾಗಿತ್ತು, ಅದೂ ಒಂದು ಸಲವಲ್ಲ. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಉಮರ್ಗಾದ ಬಿಸಿಲಲ್ಲಿ ನಿಂತು ಪಾಯಕ್ಕೆ ಸುಣ್ಣದ ಗೆರೆ ಎಳೆಸುವ ಕೆಲಸ ಅದನ್ನು ತಣಿಸುವ ಹಾಗಿರಲಿಲ್ಲ.

ನಮ್ಮ ವಿಶ್ವವಿದ್ಯಾಲಯ ಗಿರಣಿಗಳ ಊರಿನದು. ಕೆಲಸಗಾರರ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳುತ್ತಿದ್ದ ಒಂದು ಶೆಡ್ಡಿನಿಂದ ಅದು ಶುರುವಾಯಿತಂತೆ. ಶೆಡ್ಡು ಕಾಲೇಜಾಯಿತು, ಕಾಲೇಜು ವಿಶ್ವವಿದ್ಯಾಲಯವಾಯಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ವಿಶ್ವವಿದ್ಯಾಲಯ ಮಾತ್ರ ಬೆಳೆಯುತ್ತಲೇ ಹೋಯಿತು. ಬೆಳೆದು ಬೆಳೆದು ಮರಾಠಿ ಕನ್ನಡ ಕೂಡುವ ಗಡಿಯ ತನಕ ಬಂದು ಉಮರ್ಗಾದಲ್ಲಿ ಒಂದು ಉಪಕೇಂದ್ರ ತೆರೆಯಿತು. ಎಲ್ಲಿ ಅಂದಿರಿ? ಮತ್ತೆ ಒಂದು ಶೆಡ್ಡಿನಲ್ಲಿ. ಮುಚ್ಚಿಹೋಗಿದ್ದ ಐಸ್ ಕಾರ್ಖಾನೆಯ ಬಾಡಿಗೆ ಶೆಡ್ಡು ಅದು, ತಗಡಿನ ಮಾಡು. ಮೇ ತಿಂಗಳಲ್ಲಿ ಅದರೊಳಗೆ ಕೂತರೆ ಐಸ್ ಎಂಬ ಪದವೇ ಮರೆತುಹೋಗುತ್ತಿತ್ತು.

ಅಲ್ಲಿ ಎರಡು ಕೋರ್ಸು ನಡೆಯಬೇಕಿತ್ತು. ವಿದ್ಯುತ್ ಕೆಲಸದ ಕೋರ್ಸು ಹೇಗೋ ನಡೆಯುತ್ತಿತ್ತು. ಎರಡನೆಯದು ಲೇತ್ ಯಂತ್ರದ ಕೋರ್ಸು. ಯಂತ್ರಗಳೇನೋ ಬಂದಿದ್ದವು, ಆದರೆ ಶೆಡ್ಡಿನ ನೆಲ ಅವುಗಳ ಭಾರ ತಾಳುತ್ತಿರಲಿಲ್ಲ. ತಾಡಪತ್ರಿ ಹೊದ್ದು ಅಂಗಳದಲ್ಲೇ ನಿಂತಿದ್ದವು. ಮಳೆಗಾಲಕ್ಕೆ ಮೊದಲು ಸ್ವಂತ ಕಟ್ಟಡದ ಪಾಯ ನೆಲದ ಮೇಲೆ ಕಾಣಿಸದಿದ್ದರೆ ಯಂತ್ರಗಳೂ ಕೋರ್ಸೂ ಉದಗೀರದ ಉಪಕೇಂದ್ರಕ್ಕೆ ಹೋಗುತ್ತವೆ ಎಂದು ಮುಖ್ಯ ಕಚೇರಿ ಸ್ಪಷ್ಟವಾಗಿ ಹೇಳಿತ್ತು. ಉದಗೀರದವರ ಬಳಿ ಕಟ್ಟಿ ಮುಗಿದ ಹಾಲ್ ಇತ್ತು. ನಿಲಂಗಾದವರೂ ನಮಗೆ ಕೊಡಿ ಎಂದು ಬಾಗಿಲಲ್ಲಿ ನಿಂತಿದ್ದರು. ಆ ಕೋರ್ಸಿಗೆ ಹೆಸರು ಹಚ್ಚಿದವರಲ್ಲಿ ಗುಂಜೋಟಿ, ಯೆಣೆಗೂರ ಕಡೆಯ ಹುಡುಗಿಯರೂ ಇದ್ದರು. ಯೆಣೆಗೂರದಲ್ಲಿ ಢಾಬಾ ನಡೆಸುವ ಒಬ್ಬ ತಂದೆ ನನಗೆ ನೇರವಾಗಿಯೇ ಹೇಳಿದ್ದರು:

"ಉಮರ್ಗಾ ಅಂದ್ರ ಎಸ್‌ಟಿ ಬಸ್ಸಿನಾಗ ಹೋಗಿ ಸಂಜಿಗಿ ಬರ್ತಾಳ್ರಿ. ಉದಗೀರ ಅಂದ್ರ ನಾ ಕಳ್ಸೂದಿಲ್ಲ. ಮನ್ಯಾಗೇ ಇರ್ತಾಳ."

ಹೀಗೆ ಆ ಪಾಯ ನನ್ನ ತಲೆಯ ಮೇಲೆ ಬಂತು. ನಾನು ವಿಶ್ವವಿದ್ಯಾಲಯದ ಗುತ್ತಿಗೆ ಎಂಜಿನಿಯರ್. ತವರು ಆಳಂದದ ಕಡೆ, ಕೊಟ್ಟದ್ದು ಉಮರ್ಗಾಕ್ಕೆ. ಈ ಸೈಟಿನಲ್ಲಿ ಮರಾಠಿಯಲ್ಲಿ ಬೈಸಿಕೊಂಡು ಕನ್ನಡದಲ್ಲಿ ಬೈಯುವ ಹುದ್ದೆ ನನ್ನದು.

ಜಾಗ ಕೊಟ್ಟವರು ಪಕ್ಕದ ಹಳ್ಳಿ ತುರೋರಿಯ ಒಬ್ಬ ಹಿರಿಯ ರೈತರು. ಎಷ್ಟೋ ತಲೆಮಾರಿನಿಂದ ಅಲ್ಲೇ ಇರುವ ಲಿಂಗವಂತ ಮನೆತನ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೆದ್ದಾರಿಗೆ ಹತ್ತಿದ ಹೊಲವನ್ನು ಒಂದು ಮಾತೂ ಚೌಕಾಸಿ ಮಾಡದೆ ಬರೆದುಕೊಟ್ಟಿದ್ದರು. "ಇಟ್ಕೊಂಡ್ರ ನಾಳಿ ಯಾವನೋ ಬಂದು ಢಾಬಾ ಹಾಕ್ತಾನ. ಅದ್ರಕಿಂತ ಸಾಲಿ ಆಗ್ಲಿ" ಅಂದಿದ್ದರಂತೆ. ಅವರ ಉಳಿದ ಹೊಲ ಗುಂಜೋಟಿ ಕಡೆ ಇತ್ತು.

ಕಟ್ಟಡದ ನಕ್ಷೆ ಮುಖ್ಯ ಕಚೇರಿಯಿಂದ ಅಚ್ಚಾಗಿ ಬಂದಿತ್ತು. ಎಲ್ಲ ಉಪಕೇಂದ್ರಗಳಿಗೂ ಒಂದೇ ನಕ್ಷೆ. ಅದಕ್ಕೆ ಟೈಪ್ ಪ್ಲಾನ್ ಅನ್ನುತ್ತಾರೆ. ಕಂಬಗಳನ್ನು ಬದಲಿಸುವಂತಿಲ್ಲ, ಅಳತೆ ಬದಲಿಸುವಂತಿಲ್ಲ. ಒಳಗೆ ಯಾವ ಕೋಣೆ ಎಲ್ಲಿ ಎಂಬುದನ್ನಷ್ಟೇ ಸೈಟಿನವರಿಗೆ ಬಿಟ್ಟಿದ್ದರು. ಹೆದ್ದಾರಿಗೆ ಸಮಾನಾಂತರವಾಗಿ ದಾರ ಕಟ್ಟಿದೆವು. ಟೇಪಿನಲ್ಲಿ ಮೂರು, ನಾಲ್ಕು, ಐದರ ಅಳತೆ ಹಿಡಿದು ಮೂಲೆಮಟ್ಟ ತೆಗೆದೆವು. ಕಂಬ ಬರುವ ಕಡೆಗೆಲ್ಲ ಗೂಟ ಹೊಡೆದು ಸುಣ್ಣ ಹಾಕಿದೆವು. ಮರುದಿನ ಬೆಳಿಗ್ಗೆ ಕಾಕಾ ಬಂದರು. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದರು.

"ಭಾಳ ಹಿಂದಕ್ಕ ಹೋಗ್ಯಾದಲ್ರಿ ಮೇಡಂ. ಮುಂದಕ್ಕ ತಗೋರಿ."

"ಯಾಕ್ರಿ ಕಾಕಾ?"

"ಹಿಂದ ನೀರು ನಿಲ್ತಾವ."

ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಇಡೀ ಹೊಲದ ಮಟ್ಟ ನೋಡಿದೆ. ಹಿಂಭಾಗ ಮುಂಭಾಗಕ್ಕಿಂತ ಎತ್ತರದಲ್ಲಿತ್ತು. ಹೋಗಿ ಹೇಳಿದೆ: "ಕಾಕಾ, ನೀರು ಏರಿಗಿ ಹತ್ತೂದಿಲ್ರಿ."

"ನಮ್ಮ ಹೊಲದಾಗ ಹತ್ತತಾವ" ಅಂದರು, ಕಣ್ಣು ಪಿಳುಕಿಸದೆ.

ನಾಲ್ಕು ದಿನ ಬಿಟ್ಟು ಅಲ್ಲಿ ಹುತ್ತ ಇತ್ತು ಅಂದರು. ಹುತ್ತದ ಗುರುತು ಎಲ್ಲೂ ಇರಲಿಲ್ಲ. ನನಗೆ ಅರ್ಥವಾಗಿದ್ದು ಇಷ್ಟು: ಕೊಟ್ಟ ಮೇಲೆ ಮನಸ್ಸು ಹಿಂದೆ ಸರಿಯುತ್ತಿದೆ, ಹೇಳಲು ನಾಚಿಕೆ. ದಾನದ ಆಕಳಿನ ಹಲ್ಲು ಎಣಿಸಬಾರದು ನಿಜ, ಆದರೆ ಕೊಟ್ಟವರೇ ದಿನಾ ಬಂದು ಬಾಲ ಹಿಡಿದು ಜಗ್ಗಿದರೆ ಹೇಗೆ? ನಿರ್ದೇಶಕರಿಗೆ ಫೋನ್ ಮಾಡಿದೆ. ಅವರು ಗಿರಣಿ ಊರಿನವರು, ಸಜ್ಜನರು, ಎಲ್ಲದಕ್ಕೂ "ಬಘೂ ಯಾ", ನೋಡೋಣ, ಎನ್ನುವವರು. ರೈತರ ಮನಸ್ಸು ನೋಯಿಸಬೇಡಿ ಅಂದರು. ಅದೇ ಉಸಿರಿನಲ್ಲಿ, ಮಳೆಗೆ ಮೊದಲು ಪಾಯ ಆಗಲೇಬೇಕು ಅಂದರು. ಎರಡೂ ಒಟ್ಟಿಗೆ ಹೇಗೆ ಎಂದು ಕೇಳಿದರೆ, "ಬಘೂ ಯಾ."

ಮೂರನೆಯ ಸಲ ಕಾಕಾ ಹೇಳಿದ ಮಾತನ್ನು ಮಾತ್ರ ತಳ್ಳಿಹಾಕಲು ಆಗಲಿಲ್ಲ. "ಅಲ್ಲಿ ಮುಚ್ಚಿದ ಬಾವಿ ಅದ" ಅಂದರು.

ಮುಚ್ಚಿದ ಬಾವಿಯ ಮೇಲೆ ಕಂಬ ನಿಲ್ಲಿಸಿದರೆ ಇಂದಲ್ಲ ನಾಳೆ ಕುಸಿಯುತ್ತದೆ. ಪರೀಕ್ಷೆಗೆ ಒಂದು ಕುಣಿ ತೋಡೋಣ ಎಂದು ಜೆಸಿಬಿ ತರಿಸಿದೆ. ಕಾಕಾ ಹೋಗಿ ಅದರ ಮುಂದೆ ನಿಂತುಬಿಟ್ಟರು. "ತೋಡೂದು ಬ್ಯಾಡ." ಬಾವಿ ಎಲ್ಲಿದೆ ತೋರಿಸಿ ಅಂದರೆ ಒಮ್ಮೆ ಇತ್ತ ಕೈ ಮಾಡಿದರು, ಒಮ್ಮೆ ಅತ್ತ. ಆಗ ನಾನು ಕೂಗಾಡಿದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು, ಜಾಗ ಮಾತ್ರ ಬಿಟ್ಟು ಕದಲಲಿಲ್ಲ. ಗುತ್ತಿಗೆದಾರ ಹಣೆ ಚಚ್ಚಿಕೊಂಡ.

"ಬಾವಿ ಅದ ಅಂತೀರಿ, ತೋಡಬ್ಯಾಡ ಅಂತೀರಿ. ನಾ ಏನ್ ಗಾಳ್ಯಾಗ ಕಟ್ಲೇನ್ರಿ?"

ಜೆಸಿಬಿ ನಿಲಂಗಾ ರಸ್ತೆಯ ಕೆಲಸಕ್ಕೆ ಹೋಯಿತು. ಮತ್ತೆ ಬರಲು ಬಹಳ ದಿನ ಹಿಡಿಯಿತು.

ತೋಡದೆ ಬಾವಿ ಹುಡುಕುವುದು ಹೇಗೆ? ಅದೊಂದು ವಿಷಯದಲ್ಲಿ ನಮ್ಮ ಎರೆ ಭೂಮಿ ಉಪಕಾರಿ. ಬೇಸಿಗೆಯಲ್ಲಿ ಅದು ಬಾಯಿ ಬಿಡುತ್ತದೆ, ಕೈ ಇಳಿಯುವಷ್ಟು ಅಗಲದ ಬಿರುಕು. ಆದರೆ ಎಂದೋ ಆಳಕ್ಕೆ ತೋಡಿ ಮುಚ್ಚಿದ ಜಾಗದಲ್ಲಿ ಕೆಳಗಿನ ಹಳದಿ ಮುರುಮು, ಅಂದರೆ ಗರಸು ಮಣ್ಣು, ಮೇಲಿನ ಕರಿಮಣ್ಣಿನಲ್ಲಿ ಬೆರೆತಿರುತ್ತದೆ. ಅಂಥ ಮಣ್ಣು ಬಿರಿಯುವುದಿಲ್ಲ. ತೊಗರಿಯ ಕೂಳೆ ಕೀಳಿಸಿ, ಹಿಂಭಾಗವನ್ನೆಲ್ಲ ಗುಡಿಸಿ ಚೊಕ್ಕ ಮಾಡಿಸಿದೆ. ಚೌಕ ಚೌಕವಾಗಿ ದಾರ ಕಟ್ಟಿಸಿದೆ. ಬೆಳಗಿನ ಓರೆ ಬಿಸಿಲಲ್ಲಿ ಬಿರುಕಿನ ನೆರಳು ಚೆನ್ನಾಗಿ ಕಾಣುತ್ತದೆ. ಬಿರುಕುಗಳು ಎಲ್ಲಿ ನಿಲ್ಲುತ್ತವೋ ಅಲ್ಲಿ ಸುಣ್ಣ ಉದುರಿಸುತ್ತಾ ಬಗ್ಗಿ ನಡೆದೆ. ಬಾವಿಯಾದರೆ ಒಂದು ದೊಡ್ಡ ದುಂಡನೆಯ ಗುರುತು ಬರಬೇಕಿತ್ತು.

ದುಂಡು ಬರಲಿಲ್ಲ. ಎದ್ದು ನಿಂತು ನೋಡಿದರೆ ನಾಲ್ಕು ಪುಟ್ಟ ಚೌಕ. ಒಂದೊಂದೂ ಒಬ್ಬ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂರುವಷ್ಟು ಅಗಲ. ಬದುವಿನ ಗುಂಟ ಓರೆಯಾಗಿ, ಒಂದೇ ಸಾಲಿನಲ್ಲಿ.

ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ತವರಿನಲ್ಲೂ ತೀರಿಕೊಂಡವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಚ್ಚಿ, ಕೂರಿಸಿ, ಸ್ವಂತ ಹೊಲದಲ್ಲೇ ಮಣ್ಣು ಕೊಡುತ್ತೇವೆ. ಕೆಲವರು ಮೇಲೆ ಕಟ್ಟೆ ಕಟ್ಟುತ್ತಾರೆ, ಕೆಲವರು ಕಲ್ಲು ನೆಡುತ್ತಾರೆ. ಏನೂ ಮಾಡದೆ ಬಿತ್ತಿ ಬೆಳೆಯುವ ಮನೆತನಗಳೂ ಇವೆ. ನಮ್ಮ ಟೈಪ್ ಪ್ಲಾನಿನ ಹಿಂಭಾಗ ನೇರವಾಗಿ ಆ ನಾಲ್ವರ ಮೇಲೆ ಬಂದಿತ್ತು.

ಪಕ್ಕದಲ್ಲಿ ನಿಂತಿದ್ದ ಟ್ರ್ಯಾಕ್ಟರಿನವನು ಬೀಡಿ ಹಚ್ಚುತ್ತಾ, "ಹೌದ್ರಿ, ಕಾಕಾನ ಮನಿ ಮಂದಿ. ಎಲ್ಲಾರಿಗೂ ಗೊತ್ತದಲ್ರಿ" ಅಂದ. ಮತ್ತೆ ಯಾಕಪ್ಪಾ ಹೇಳಲಿಲ್ಲ ಅಂದರೆ, "ನೀವ್ ಕೇಳ್ಲಿಲ್ಲಲ್ರಿ." ಅವನನ್ನು ಅಲ್ಲೇ ಹೂಳಿಬಿಡುವಷ್ಟು ಸಿಟ್ಟು ಬಂತು.

ನೇರ ಕಾಕಾ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತಿದ್ದರು. ನಾಲ್ಕು ಅವ ಎಂದು ನಾನು ಹೇಳಿದ್ದೇ ತಡ, ಅವರ ಮುಖ ಇಳಿದುಹೋಯಿತು.

"ನಮ್ಮಜ್ಜ. ಅಪ್ಪ. ಅವ್ವ. ಆ ತುದಿಗಿ ಇದ್ದಾಕಿ ನಮ್ಮ ಮನಿಯಾಕಿ."

"ಮೊದಲ ಯಾಕ ಹೇಳ್ಲಿಲ್ರಿ ಕಾಕಾ? ನೀರಂತ, ಹುತ್ತಂತ, ಬಾವಿಯಂತ! ಒಂದ್ ಮಾತ್ ಅಂದಿದ್ರ ಅವತ್ತೇ ದಾರ ಸರಿಸ್ತಿದ್ದೆ."

"ದಾನ ಕೊಟ್ಟು ಷರತ್ತು ಹಾಕಬಾರದು ಯವ್ವಾ. ಅದು ದಾನ ಆಗೂದಿಲ್ಲ."

ಸುಳ್ಳು ಹೇಳಬಹುದು, ಷರತ್ತು ಹಾಕಬಾರದು! ಎಂಥ ಲೆಕ್ಕ ಇದು ಎಂದು ಹಲ್ಲು ಕಚ್ಚಿಕೊಂಡು ಎದ್ದು ಬಂದೆ.

ಬಂದು ಲೆಕ್ಕ ಹಾಕಿದಾಗ ದಾರಿಯೊಂದು ಕಂಡಿತು. ಹೆದ್ದಾರಿಯಿಂದ ಇಷ್ಟು ದೂರ ಬಿಟ್ಟೇ ಕಟ್ಟಬೇಕೆಂಬ ನಿಯಮವಿದೆ. ಆ ಗೆರೆಯ ತನಕ ಇಡೀ ಕಟ್ಟಡವನ್ನು ಮುಂದಕ್ಕೆ ತಂದರೆ ಹಿಂದೆ ಖಾಲಿ ಪಟ್ಟಿ ಉಳಿಯುತ್ತದೆ. ಹಿಂದೆ ಅಷ್ಟು ಜಾಗ ಖಾಲಿ ಬಿಡಬೇಕೆಂಬುದೂ ನಿಯಮವೇ, ಅಲ್ಲಿ ಮುಂದೆಂದೂ ಯಾರೂ ಕಟ್ಟುವಂತಿಲ್ಲ. ನಾಲ್ವರೂ ಆ ಪಟ್ಟಿಯೊಳಗೆ ಬರುತ್ತಿದ್ದರು. ನಕ್ಷೆಯನ್ನು ಮುಟ್ಟಬೇಕಾಗಿರಲಿಲ್ಲ. ಆ ಬೇಸಿಗೆಯಲ್ಲಿ ನಾನು ಖುಷಿಯಿಂದ ಊಟ ಮಾಡಿದ್ದು ಅದೊಂದೇ ದಿನ.

ಹೊಸದಾಗಿ ಗೂಟ ಹೊಡೆಸಿ ಕಾಕಾರನ್ನು ಕರೆಸಿದೆ. ಒಂದೊಂದು ಚೌಕವನ್ನೂ ತೋರಿಸಿ, ಇವರಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದು ವಿವರಿಸಿದೆ. ಅವರು ಹೂಂಗುಟ್ಟುತ್ತಾ ಸಾಲಿನ ತುದಿಯ ತನಕ ನಡೆದು, ಹೆಂಡತಿಯ ಚೌಕವನ್ನೂ ದಾಟಿ, ಕಟ್ಟಡದ ಮೂಲೆಯ ಗೂಟದ ಹತ್ತಿರ ನಿಂತರು. ಸಾಲು ಓರೆ, ಕಟ್ಟಡ ನೇರ. ಹಾಗಾಗಿ ಸಾಲಿನ ಆ ತುದಿ ಕಟ್ಟಡದ ಮೂಲೆಗೆ ಬಂದು ತಾಗುತ್ತಿತ್ತು.

"ಈ ಗೂಟ ಇಲ್ಲೇ ಬೇಕೇನ್ರಿ?"

"ಅದು ಮೂಲಿ ಕಂಬ ಕಾಕಾ. ಅಲ್ಲಿ ಯಾರೂ ಇಲ್ಲಲ್ರಿ. ನೆಲ ಚಂದ ಬಿರಿದದ, ನೋಡ್ರಿ."

"ಹೌದು. ಅದು ನಂದು."

ಒಂದು ಕ್ಷಣ ನನಗೆ ತಿಳಿಯಲಿಲ್ಲ. ಗೂಟವನ್ನೂ ಅವರನ್ನೂ ನೋಡಿದೆ.

"ಆಕಿ ಬಾಜೂಕ ನಂದು ಜಾಗ. ಆಕಿನ್ನ ಇಟ್ಟ ದಿನಾನೇ ನಾ ಹೆಜ್ಜಿ ಹಾಕಿ ನೋಡಿಟ್ಟೀನಿ."

"ಕಾಕಾ, ಹೊಲ ನೀವು ಬರ್ದು ಕೊಟ್ಟೀರಿ. ಈಗದು ವಿಶ್ವವಿದ್ಯಾಲಯದ್ದು."

"ಮಠಕ್ಕ ಹೊಲ ಕೊಟ್ಟವರಿಗಿ ಮಠದಾಗ ಜಾಗ ಇರ್ತದಲ್ರಿ? ಸಾಲಿಗಿ ಕೊಟ್ರೂ ಹಂಗೇ ಅಂತ ತಿಳ್ಕೊಂಡಿದ್ದೆ." ಅವರು ನಿಜವಾಗಿ ಅಚ್ಚರಿಯಿಂದ ನನ್ನ ಮುಖ ನೋಡುತ್ತಿದ್ದರು. "ಇಷ್ಟ್ ದೊಡ್ಡ ಹೊಲದಾಗ ಒಬ್ಬಾಂವ ಕೂಡ್ಲಿಕ್ಕಿ ಜಾಗ ಇರೂದಿಲ್ಲೇನ್ರಿ?"

ಗೋಡೆಯ ಹೊರಗಿನ ಪಟ್ಟಿಯಲ್ಲಿ ಆ ಜಾಗ ಬಂದಿದ್ದರೆ ನಾಳೆ ಯಾರೂ ಕೇಳುತ್ತಿರಲಿಲ್ಲ, ನಾನಂತೂ ಬಾಯಿ ಬಿಡುತ್ತಿರಲಿಲ್ಲ. ಆದರೆ ಅದು ಸರಿಯಾಗಿ ಕಂಬದ ಕೆಳಗೇ ಇತ್ತು. ಸಾಲಿನ ಇನ್ನೊಂದು ತುದಿಯಲ್ಲಿ ಬೇರೆಯವರ ಬದು. ಮುಂದಕ್ಕೆ ಸರಿಯೋಣವೆಂದರೆ ಹೆದ್ದಾರಿಯ ಗೆರೆ. ಅಳತೆಯನ್ನು ಮತ್ತೆ ಮತ್ತೆ ಹಿಡಿದೆ, ಟೇಪು ತನ್ನ ಮಾತು ಬದಲಿಸಲಿಲ್ಲ. ಮೂಲೆಯ ಅಂಕಣವನ್ನೇ ಬಿಟ್ಟು ಕಟ್ಟೋಣವೇ ಎಂದು ನಿರ್ದೇಶಕರನ್ನು ಕೇಳಿದೆ. ಆಗ ಯಂತ್ರಶಾಲೆಗೆ ಬೇಕಾದ ವಿಸ್ತೀರ್ಣ ಸಾಲುವುದಿಲ್ಲ, ಕೋರ್ಸಿಗೆ ಮಾನ್ಯತೆ ಸಿಗುವುದಿಲ್ಲ, ಎಲ್ಲ ಉದಗೀರಕ್ಕೆ. ಮೂಲೆಯಲ್ಲಿ ಕಂಬವಿಲ್ಲದೆ, ಎರಡೂ ಕಡೆಯಿಂದ ತೊಲೆಗಳನ್ನು ಹೊರಗೆ ಚಾಚಿ ಮೂಲೆಯನ್ನು ಎತ್ತಿ ಹಿಡಿಯುವ ಚಿತ್ರ ಬರೆದು ಮುಖ್ಯ ಕಚೇರಿಗೆ ಕಳಿಸಿದೆ. ಎರೆ ಭೂಮಿ, ಯಂತ್ರದ ಭಾರ, ಬೇಡ ಎಂದು ಹಿಂದೆ ಬಂತು. ತೊಲೆ ದಪ್ಪ ಮಾಡಿ ಮತ್ತೆ ಕಳಿಸಿದೆ. ಈ ಸಲ ಟೈಪ್ ಪ್ಲಾನ್ ಬದಲಿಸುವ ಅಧಿಕಾರ ಸೈಟಿಗಿಲ್ಲ ಎಂದು ಬಂತು. ಬದಲಾವಣೆ ಯಾಕೆ ಬೇಕು ಎಂದು ಫೋನಿನಲ್ಲಿ ಕೇಳಿದವರಿಗೆ ನಾನು ಏನು ಹೇಳಲಿ? ಬದುಕಿರುವ ಒಬ್ಬ ಮನುಷ್ಯನ ಗೋರಿ ಅಡ್ಡ ಬಂದಿದೆ ಅನ್ನಲೇ?

ಇಷ್ಟರಲ್ಲಿ ಒಂದು ಸಂಜೆ ಗಾಳಿ ಎದ್ದು, ಮಳೆಗಾಲಕ್ಕೂ ಮೊದಲೇ ಅಡ್ಡಮಳೆ ಹೊಡೆಯಿತು. ಮುಂದಿನ ಸಾಲಿನಲ್ಲಿ ತೋಡಿಟ್ಟಿದ್ದ ಕುಣಿಗಳಲ್ಲಿ ನೀರು ನಿಂತು ಕರಿಮಣ್ಣಿನ ಗೋಡೆಗಳು ಕುಸಿದವು. ಪಂಪು ಹಚ್ಚಿ ನೀರು ಹೊರಹಾಕಿ, ಕೆಸರು ಎತ್ತಿಸಿ, ಮತ್ತೆ ಮುರುಮಿನ ತನಕ ತೋಡಿಸಿದೆವು. ಗುತ್ತಿಗೆದಾರ ಹತ್ತಿರ ಬಂದು ದನಿ ತಗ್ಗಿಸಿದ.

"ಐತವಾರ ಕಾಕಾ ಲಗ್ನಕ್ಕ ಬಸವಕಲ್ಯಾಣಕ್ಕ ಹೊಂಟಾರ್ರಿ. ಜೆಸಿಬಿ ತರಸ್ತೀನಿ. ಬರೂದ್ರಾಗ ಕಂಬ ಎದ್ದಿರ್ತದ. ಏನ್ ಮಾಡ್ತಾರ?"

ನಾನು ಹೂಂ ಅಂದೆ. ಕಾನೂನಿನಲ್ಲಿ ನಮ್ಮದೇ ಜಾಗ, ನಮ್ಮದೇ ಕಂಬ. ಅಷ್ಟು ಬೇಸತ್ತಿದ್ದೆ. ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಕೂತರೆ ಕೈ ಓಡಲಿಲ್ಲ. ಅವರು ಮದುವೆ ಊಟ ಮುಗಿಸಿ ತುರೋರಿಯಲ್ಲಿ ಇಳಿದು, ಹೊಲದ ಕಡೆ ನಡೆದು ಬರುವುದು ಕಣ್ಣಿಗೆ ಕಟ್ಟಿತು. ಒಲೆ ಆರಿಸಿ ಗುತ್ತಿಗೆದಾರನಿಗೆ ಫೋನ್ ಮಾಡಿ ಜೆಸಿಬಿ ಬೇಡ ಅಂದೆ. "ಕೋರ್ಸು ಹೋದ್ರ?" ಅಂದ. ಹೋದರೆ ಅವರಿಗೆ ಗೊತ್ತಿದ್ದೇ ಹೋಗಲಿ ಅಂದೆ.

ಬೆಳಿಗ್ಗೆ ಕಾಕಾರ ಮನೆಗೆ ಹೋಗಿ ನಿಂತುಕೊಂಡೇ ಹೇಳಿದೆ.

"ಕಾಕಾ, ನೀವು ತೋಡ್ರಿ ಅನ್ನೂತನ ಆ ಕುಣಿ ನಾ ತೋಡ್ಸೂದಿಲ್ಲ. ತೋಡ್ಸಲಿಲ್ಲ ಅಂದ್ರ ಕೋರ್ಸು ಉದಗೀರಕ್ಕ ಹೋಗ್ತದ. ಗುಂಜೋಟಿ, ಯೆಣೆಗೂರದ ಹುಡುಗೇರು ಮನ್ಯಾಗ ಕೂಡ್ತಾರ. ಇವೆರಡೇ ಅವ. ನಾ ಭಾಳ ಬಡದಾಡ್ದೆ, ಮೂರನೇದು ಸಿಗಲಿಲ್ಲ."

"ಮೂರನೇದು ಇಲ್ಲೇನ್ರಿ?"

"ಇಲ್ರಿ."

ಕಾಕಾ ಚಹಾ ಕುಡಿದು ಹೋಗು ಎಂದಷ್ಟೇ ಹೇಳಿದರು. ನಾನು ಕುಡಿಯದೆ ಬಂದೆ.

ಅವರು ಮದುವೆಗೆ ಹೋಗಲಿಲ್ಲ. ಆ ಐತವಾರವೇ ಸೈಟಿಗೆ ಬಂದರು. ತಲೆಗೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ಕೂತು, "ಜೆಸಿಬಿ ಬ್ಯಾಡ. ಕೈಲೆ ತೋಡ್ರಿ" ಅಂದರು. ನಾನು ಏನೋ ಕೇಳಲು ಹೋದೆ, ಕೈ ಅಡ್ಡ ಮಾಡಿದರು.

ಇಬ್ಬರು ಆಳುಗಳು ಗುದ್ದಲಿ ಹಿಡಿದು ಇಳಿದರು. ಕರಿಮಣ್ಣು ಮುಗಿದು ಗಟ್ಟಿ ಮುರುಮು ಬಂತು. ಹೆಂಡತಿಯ ಕಡೆಯ ಗೋಡೆ ಕುಸಿಯದಂತೆ ಹಲಗೆ ಕೊಡಿಸಿದೆ. ಕಾಕಾ ಕೂತಲ್ಲಿಂದ ಏಳಲಿಲ್ಲ, ನೀರು ಬೇಕೇ ಅಂದರೆ ಬೇಡವೆಂದು ತಲೆ ಅಲ್ಲಾಡಿಸಿದರು. ತಳ ಸಮ ಮಾಡಿ, ಕಂಬಿಯ ಜಾಳಿಗೆ ಇಳಿಸಲು ಆಳುಗಳು ಮೇಲೆ ಬಂದಾಗ ಅವರು ಎದ್ದರು.

"ಸ್ವಲ್ಪ ನಿಂದರ್ರಿ."

ಚಪ್ಪಲಿ ಬದುವಿನ ಮೇಲೆ ಬಿಟ್ಟು, ನಿಚ್ಚಣಿಕೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಬೀಳುತ್ತಾರೆಂದು ನಾನು ಕೈ ಚಾಚಿದೆ, ಹಿಡಿಯಲಿಲ್ಲ. ಮುರುಮಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಕೊರಳಿನ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಕಣ್ಣು ಮುಚ್ಚಿದರು. ಇನ್ನೊಂದು ಕೈ ಹಲಗೆಯ ಸಂದಿನಲ್ಲಿ ಕಾಣುತ್ತಿದ್ದ ಆ ಬದಿಯ ಮಣ್ಣಿನ ಮೇಲಿತ್ತು. ಆಳುಗಳು ಗುದ್ದಲಿ ಕೆಳಗಿಟ್ಟರು. ಗುತ್ತಿಗೆದಾರ ಆಚೆ ತಿರುಗಿ ನಿಂತ. ನನಗೆ ಎತ್ತ ನೋಡಬೇಕೋ ತಿಳಿಯದೆ ಕಂಬಿ ಕಟ್ಟಿದ್ದ ತಂತಿಯ ಗಂಟುಗಳನ್ನು ನೋಡುತ್ತಾ ನಿಂತೆ.

ಬಹಳ ಹೊತ್ತೇನೂ ಕೂರಲಿಲ್ಲ. ಹತ್ತುವಾಗ ನನ್ನ ಕೈ ಹಿಡಿದರು. ಧೋತರದ ಹಿಂಬದಿಗೆಲ್ಲ ಹಳದಿ ಮಣ್ಣು ಮೆತ್ತಿತ್ತು.

"ಕುಂತು ನೋಡ್ದೆ. ಆಯ್ತು. ಇನ್ನ ಹಾಕ್ರಿ."

"ಮತ್ತ ನೀವು, ಕಾಕಾ..."

"ಗುಂಜೋಟಿ ಹೊಲ ಅದಲ್ಲ." ಚಪ್ಪಲಿ ಮೆಟ್ಟಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ಕೇಳಿದರು. "ಈ ಮೂಲ್ಯಾಗ ಏನ್ ಬರ್ತದ್ರಿ?"

"ಲೇತ್ ಮಷಿನ್ ರೀ."

"ಸಪ್ಪಳ ಮಾಡ್ತಾವೇನು?"

"ಮಾಡ್ತಾವ್ರಿ."

"ಆಕಿಗಿ ಸಪ್ಪಳ ಸೇರ್ತಿದ್ದಿಲ್ಲ" ಅಂದರು. ಅದು ತಕರಾರಿನ ದನಿಯಾಗಿರಲಿಲ್ಲ. ಹೇಳಿ ಹೊರಟುಹೋದರು.

ಪಾಯ ಮಳೆಗೆ ಮೊದಲು ಎದ್ದಿತು. ಕೋರ್ಸು ಉಳಿಯಿತು. ನಿರ್ದೇಶಕರು ಫೋನ್ ಮಾಡಿ ಅಭಿನಂದಿಸಿದರು, ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಯಂತ್ರಗಳನ್ನೆಲ್ಲ ಆ ಮೂಲೆಯಿಂದ ದೂರ, ಕಟ್ಟಡದ ಇನ್ನೊಂದು ತುದಿಗೆ ಹಾಕಿಸಿದೆ. ವೈರು ಉದ್ದವಾಯಿತು ಎಂದು ವಿದ್ಯುತ್ತಿನವನು ಗೊಣಗಿದ. ಯಾಕೆ ಎಂದು ಮುಖ್ಯ ಕಚೇರಿಯವರು ಕೇಳಿದಾಗ ತಾಂತ್ರಿಕ ಕಾರಣ ಅಂದೆ. ಮೂಲೆಯ ಕಂಬದ ಬಳಿ ಈಗ ನಕ್ಷೆ ಬರೆಯುವ ಕೋಣೆ ಇದೆ. ಗುಂಜೋಟಿ, ಯೆಣೆಗೂರದ ಹುಡುಗಿಯರು ಅಲ್ಲಿ ಕೂತು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಾರೆ. ಹುಡುಗಿಯರಲ್ಲವೇ, ಒಮ್ಮೊಮ್ಮೆ ಮಾತು ಜೋರಾಗುತ್ತದೆ. ಆಗ ನಾನೇ ಹೋಗಿ ಬೈದು ಬರುತ್ತೇನೆ.